ಹಳ್ಳ, ಓಢಾ ಮತ್ತು ನಕಾಶೆಯ ನೀಲಿ ಗೆರೆ

ಪುಣೆಯ ಪಶ್ಚಿಮ ಅಂಚಿನ ಕೋಥರೂಡದಲ್ಲಿ ಮಳೆ ಬಿರುಸಾದ ದಿನ, ವೇತಾಳ ಟೇಕಡಿಯ ಇಳಿಜಾರಿನಿಂದ ಕೆಂಪು ನೀರು ಕೆಳಗಿಳಿಯುತ್ತದೆ. ಕಟ್ಟಡಗಳ ಹಿತ್ತಲಲ್ಲಿ ಕ್ಷಣಕಾಲ ಕಾಣಿಸಿಕೊಂಡು, ಕಾಂಕ್ರೀಟಿನ ಹಾಸಿನ ಕೆಳಗೆ ನುಸುಳಿ, ಮತ್ತೆಲ್ಲೋ ತಲೆಯೆತ್ತಿ ಕೊನೆಗೆ ಮುಠಾ ನದಿಯನ್ನು ಸೇರುತ್ತದೆ. ಇಂಥ ಹರಿವನ್ನು ಮರಾಠಿಯಲ್ಲಿ ಓಢಾ ಎನ್ನುತ್ತಾರೆ. ಧಾರವಾಡದ ಕಡೆಯವನು ಅದನ್ನು ಹಳ್ಳ ಎನ್ನುತ್ತಾನೆ. ಹೊಸದಾಗಿ ಬಂದು ನೆಲೆಸಿದವರ ಬಾಯಲ್ಲಿ ಅದು ಬರಿಯ ನಾಲಾ. ಎಂದರೆ ಕೊಳಚೆ ಹರಿಯುವ ಮೋರಿ. ಹೆಸರು ಇಳಿದಂತೆ ಅದಕ್ಕೆ ಸಲ್ಲುವ ಮರ್ಯಾದೆಯೂ ಇಳಿಯಿತೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಹೊಸ ಸಂಗತಿಯಾಗಲಾರದು. ನಗರಯೋಜನೆಯ ಅಧಿಕಾರಿಗೆ ಮಾತ್ರ ಇದನ್ನು ಯಾರೂ ಕಲಿಸುವುದಿಲ್ಲ.

ಕೋಥರೂಡ ಹಳ್ಳಿಯಾಗಿದ್ದ ಕಾಲ ತೀರ ದೂರದ್ದಲ್ಲ. 1900ರಲ್ಲಿ ಧೋಂಡೊ ಕೇಶವ ಕರ್ವೆಯವರು ತಮ್ಮ ವಿಧವಾಶ್ರಮವನ್ನು ನೆರೆಯ ಹಿಂಗಣೆಗೆ ಸಾಗಿಸಿದಾಗ, ದಾನವಾಗಿ ದೊರೆತ ಆರು ಎಕರೆ ನೆಲದಲ್ಲಿ ಒಂದು ಗುಡಿಸಲನ್ನು ಕಟ್ಟಿಸಿಕೊಂಡರು. ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮುಗಿಸಿ ಅಲ್ಲಿಗೆ ಹಲವು ಮೈಲಿ ನಡೆದುಹೋಗುತ್ತಿದ್ದರು. ಊರು ಬಹಿಷ್ಕರಿಸಿದ ಹೆಂಗಸರಿಗೆ ಊರ ಹೊರಗಿನ ನೆಲವೇ ಆಸರೆಯಾಯಿತು. ಭೂಬಳಕೆಯ ಚರಿತ್ರೆಯೆಂದರೆ ಸಮಾಜದ ಚರಿತ್ರೆಯೂ ಹೌದೆಂಬುದಕ್ಕೆ ಬೇರೆ ನಿದರ್ಶನ ಬೇಡ. ಇಂದು ಆ ದಾರಿಯ ಹೆಸರೇ ಕರ್ವೆ ರಸ್ತೆ. 2022ರ ಮಾರ್ಚ್ 6ರಂದು ವನಾಝದಿಂದ ಗರವಾರೆ ಕಾಲೇಜಿನವರೆಗಿನ ಮೆಟ್ರೊ ಓಡತೊಡಗಿತು. ಆ ಗಾಡಿಗಳು ರಾತ್ರಿ ತಂಗುವ ಡಿಪೊ ಇರುವುದು ಒಂದು ಕಾಲಕ್ಕೆ ನಗರದ ಕಸವನ್ನೆಲ್ಲ ಸುರಿಯುತ್ತಿದ್ದ ಜಾಗದಲ್ಲಿ. ಕೋಥರೂಡದವರು ಮೂಗು ಮುಚ್ಚಿಕೊಳ್ಳುವುದು ತಪ್ಪಿತು; ಕಸ ಉರುಳಿ ದೇವಾಚಿ ಎಂಬ ಇನ್ನೊಂದು ಹಳ್ಳಿಗೆ ಹೋಯಿತು. ನಗರ ಬೆಳೆಯುವ ರೀತಿಯೇ ಇದು: ಅಂಚಿಗೆ ತಳ್ಳಿದ್ದು ನಡುವಾಗುತ್ತದೆ, ಅಂಚು ಮುಂದಕ್ಕೆ ಸರಿಯುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡಿಗೂ ಪುಣೆಗೂ ಇರುವ ನಂಟು ಹಳೆಯದು. 1915ರ ಮುಂಬಯಿ ನಗರಯೋಜನಾ ಕಾಯಿದೆ ಪುಣೆಗೆ ಅನ್ವಯಿಸಿದಂತೆ ಧಾರವಾಡ, ಬೆಳಗಾವಿ, ವಿಜಾಪುರಗಳಿಗೂ ಅನ್ವಯಿಸುತ್ತಿತ್ತು. 1956ರಲ್ಲಿ ಪ್ರಾಂತಗಳು ಬೇರೆಯಾದವು. ಮೈಸೂರು ರಾಜ್ಯ 1961ರಲ್ಲಿ, ಮಹಾರಾಷ್ಟ್ರ 1966ರಲ್ಲಿ ತಮ್ಮ ತಮ್ಮ ಕಾಯಿದೆಗಳನ್ನು ಮಾಡಿಕೊಂಡವು. ಕಾಯಿದೆ ಬೇರೆಯಾದರೂ ನೆಲದ ಮಾತುಗಳು ಬೇರೆಯಾಗಲಿಲ್ಲ. ಮರಾಠಿಯ ಗಾವಠಾಣವೇ ಕನ್ನಡದ ಗ್ರಾಮಠಾಣ. ದನ ಮೇಯುವ ಸಾರ್ವಜನಿಕ ಭೂಮಿಗೆ ಮೈಸೂರಿನವನು ಗೋಮಾಳವೆಂದರೆ ಉತ್ತರ ಕರ್ನಾಟಕದವನು ಗಾಯರಾಣ ಎನ್ನುತ್ತಾನೆ. ಪುಣೆಯ ರೈತನೂ ಹಾಗೆಯೇ ಅನ್ನುತ್ತಾನೆ. ಉತಾರ ಎಂಬ ಮಾತು ಎರಡು ಕಡೆಯ ಕಚೇರಿಗಳಲ್ಲಿಯೂ ಸಲ್ಲುತ್ತದೆ.

ಹೀಗಿರುವಾಗ ತರಬೇತಿಯ ಕೋಣೆಯಲ್ಲಿ ನಡೆಯುವುದೇನು? 74ನೆಯ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು, ಹನ್ನೆರಡನೆಯ ಅನುಸೂಚಿಯ ಮೊದಲೆರಡು ಬಾಬುಗಳಾಗಿ ನಗರಯೋಜನೆಯನ್ನೂ ಭೂಬಳಕೆಯ ನಿಯಂತ್ರಣವನ್ನೂ ಸೇರಿಸಿತು. ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳಿವು. ಕಾರ್ಯವನ್ನು ಕೊಟ್ಟಷ್ಟು ಸುಲಭವಾಗಿ ಜ್ಞಾನವನ್ನು ಕೊಡಲಾಗದು. ಪುಣೆಯ ಯಶದಾ, ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಂಥ ಕೇಂದ್ರಗಳು ಈ ಕೊರತೆಯನ್ನು ತುಂಬಲು ಇರುವಂಥವು. ಸಣ್ಣ ಊರಿನಿಂದ ನಾಲ್ಕಾರು ದಿನದ ಮಟ್ಟಿಗೆ ಬರುವ ಅಧಿಕಾರಿ ವಲಯಗಳ ಬಣ್ಣಗಳನ್ನು ಬೇಗ ಕಲಿಯುತ್ತಾನೆ: ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಬಯಲಿಗೆ ಹಸಿರು. ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನೂ ಬರೆದುಕೊಳ್ಳುತ್ತಾನೆ. 1987ರ ಬ್ರಂಟ್ಲಂಡ್ ಆಯೋಗದ ವರದಿಯ ನಂತರ ಜಗತ್ತಿನಾದ್ಯಂತ ಹರಡಿದ ಈ ಪರಿಕಲ್ಪನೆಯನ್ನು ಕನ್ನಡ 'ಸುಸ್ಥಿರ' ಎಂದು ಕರೆದರೆ ಮರಾಠಿ 'ಶಾಶ್ವತ' ಎಂದು ಕರೆಯಿತು. ಶಾಶ್ವತವಾದ ಬೆಳವಣಿಗೆ ಯಾವ ಊರಿಗೆ ತಾನೇ ಸಾಧ್ಯ! ಅನುವಾದಕರ ಈ ಉದಾರತೆಯನ್ನು ಕಟ್ಟಡ ಕಟ್ಟುವವರು ಅಕ್ಷರಶಃ ತೆಗೆದುಕೊಂಡಂತೆ ತೋರುತ್ತದೆ.

ಕೋಣೆಯಲ್ಲಿ ಕಲಿಯಲಾಗದ್ದು ಹಳ್ಳದ ದಾರಿ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ದಕ್ಷಿಣ ಭಾಗದಲ್ಲಿ ಆಂಬಿಲ ಓಢಾ ಉಕ್ಕಿತು. ಆ ಮಳೆಯಲ್ಲಿ ನಗರದಲ್ಲಿಯೂ ಸುತ್ತಮುತ್ತಲೂ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕನ್ನಡಿಗನ ಕಿವಿಗೆ ಅಂಬಲಿಯನ್ನು ನೆನಪಿಸುವ ಆ ಸಾಧು ಹೆಸರಿನ ಹಳ್ಳ ವರ್ಷದ ಬಹುಪಾಲು ತೆಳ್ಳಗೆ ಹರಿಯುವಂಥದು. ಹಳ್ಳಕ್ಕೆ ನೀರಿರುವಷ್ಟೇ ಅಗಲವಲ್ಲ, ನೀರು ಬಂದಾಗ ಬೇಕಾಗುವಷ್ಟು ಅಗಲವಿರುತ್ತದೆ. ಒಕ್ಕಲಿಗನಿಗೆ ಇದು ಗೊತ್ತು. ನಕಾಶೆಯ ನೀಲಿ ಗೆರೆಗೆ ಅಗಲವೇ ಇಲ್ಲ. ಆಂಬಿಲ ಓಢಾದಲ್ಲಿ ಆದದ್ದು ಕೋಥರೂಡದ ಹಳ್ಳಗಳಲ್ಲಿ ಆಗಬಾರದೆಂದೇನೂ ಇಲ್ಲ.

ಗುಡ್ಡದ ಪ್ರಶ್ನೆ ಇನ್ನೂ ಜಟಿಲ. 1997ರಲ್ಲಿ ನಗರಕ್ಕೆ ಸೇರಿದ ಹಳ್ಳಿಗಳ ಪೈಕಿ 23ರಲ್ಲಿ ಗುಡ್ಡಗಳ ನೆತ್ತಿ ಇಳಿಜಾರುಗಳನ್ನು ಜೀವವೈವಿಧ್ಯ ಉದ್ಯಾನಕ್ಕೆಂದು ಕಾಯ್ದಿರಿಸಲಾಯಿತು. ಸುಮಾರು 978 ಹೆಕ್ಟೇರುಗಳಷ್ಟಾದ ಈ ನೆಲದ ವಿವಾದ ವರ್ಷಗಟ್ಟಲೆ ನಡೆಯಿತು. ಬಾಲಭಾರತಿಯಿಂದ ಪೌಡ್ ಫಾಟಾದವರೆಗೆ ವೇತಾಳ ಟೇಕಡಿಯ ಮೂಲಕ ರಸ್ತೆ ಮಾಡುವ ಪ್ರಸ್ತಾಪವನ್ನು ವಿರೋಧಿಸಿ 2023ರಲ್ಲಿ ನಾಗರಿಕರು ಬೀದಿಗಿಳಿದರು. ಆ ವಿರೋಧ ನ್ಯಾಯವಾದದ್ದೇ. ಆದರೆ ಅದೇ ಗುಡ್ಡದ ಮಗ್ಗುಲಲ್ಲಿ ಸುತಾರದರಾದಂಥ ವಸತಿಗಳಿವೆ. ಬೆಳಗಿನ ವಾಯುಸೇವನೆಗೆ ಏರುವವನಿಗೆ ಟೇಕಡಿ ಹಸಿರು. ಅಲ್ಲಿ ತಗಡಿನ ಸೂರು ಹಾಕಿಕೊಂಡವನಿಗೆ ಅದು ಬೇರೆಲ್ಲೂ ದೊರೆಯದ ನೆಲ. ಪುಣೆಯ ಕಟ್ಟಡಗಳಿಗೆ ಕಲ್ಲು ಸಿಮೆಂಟು ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಗುಳೆ ಬಂದ ಕನ್ನಡದವರು ಬಹಳ. ಹಳದಿ ಬಣ್ಣದ ವಲಯವನ್ನು ಕಟ್ಟಿದವರಿಗೆ ಆ ಹಳದಿಯಲ್ಲಿ ಜಾಗವಿಲ್ಲ.

ಮಹಾರಾಷ್ಟ್ರದ ಕಾಯಿದೆಯ 26ನೆಯ ಕಲಮಿನಂತೆ, ಯೋಜನೆಯ ಕರಡು ಪ್ರಕಟವಾದ ಮೇಲೆ ಜನ ಆಕ್ಷೇಪಣೆ ಸಲ್ಲಿಸಬಹುದು. ಸಲ್ಲಿಸುವವನಿಗೆ ತನ್ನ ಮನೆ ನಕಾಶೆಯಲ್ಲಿ ಎಲ್ಲಿದೆಯೆಂದು ತಿಳಿದಿರಬೇಕು. 2006ರಿಂದ ಪುಣೆಯ ಮಹಾನಗರಪಾಲಿಕೆ ತನ್ನ ಆಯವ್ಯಯಕ್ಕೆ ನಾಗರಿಕರಿಂದ ಕಾಮಗಾರಿಗಳ ಸಲಹೆ ಪಡೆಯುವ ಪದ್ಧತಿಯನ್ನು ಆರಂಭಿಸಿದ್ದು ಮೆಚ್ಚತಕ್ಕದ್ದು. ಅಲ್ಲಿಯೂ ಅರ್ಜಿ ಬರೆಯಬಲ್ಲವನ ಬೀದಿಗೇ ಮೊದಲು ದೀಪ ಬರುವ ಸಂಭವ ಹೆಚ್ಚು.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದಾಗ, ಅವನ ನಗರ ಪ್ರದರ್ಶನದ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನರ ಎಮ್ಡೆನ್ ನೌಕೆ ಮುಳುಗಿಸಿತ್ತು. ಕೈಯಲ್ಲಿ ಚಿತ್ರಪಟಗಳಿಲ್ಲದಿದ್ದರೂ ಕಾಲಿತ್ತು. ಮದರಾಸು ಪ್ರಾಂತದ ಊರೂರು ಸುತ್ತಿ ವರದಿ ಬರೆದ. ಆಗ ಆ ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿಗೂ ಬಂದಿದ್ದ. ಅಳತೆಪಟ್ಟಿಗಿಂತ ಮೊದಲು ಗಲ್ಲಿಯನ್ನು ನಡೆದು ನೋಡುವುದು, ಕೆಡವುವುದನ್ನು ಆದಷ್ಟು ಕಡಿಮೆ ಮಾಡುವುದು ಅವನ ಕ್ರಮ. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅವನು ಸಮಾಜಶಾಸ್ತ್ರದ ಪ್ರಾಧ್ಯಾಪಕನಾದದ್ದು ಆಕಸ್ಮಿಕವಲ್ಲ.

ತರಬೇತಿಗೆ ಬಂದವರನ್ನು ಒಂದು ಮಧ್ಯಾಹ್ನ ಕೋಥರೂಡದ ಹಳೆಯ ಗಾವಠಾಣದಿಂದ ಹೊರಡಿಸಿ, ಕೈಗೆ ನಕಾಶೆಯೊಂದನ್ನು ಕೊಟ್ಟು, ಮುಠೆಯವರೆಗೆ ಹಳ್ಳದ ಜಾಡು ಹಿಡಿದು ನಡೆಸಬಹುದು. ನಡುವೆ ಅದು ಹಾಸಿನ ಕೆಳಗೆ ಕಾಣೆಯಾದಲ್ಲಿ, ಆ ಊರಿನಲ್ಲಿಯೇ ಹುಟ್ಟಿ ಬೆಳೆದ ಯಾರಾದರೂ ಅಜ್ಜಿಯನ್ನು ಕೇಳಬೇಕು: ಆಜೀ, ಓಢಾ ಎತ್ತ ಹೋಯಿತು? ಆಕೆ ಕೈ ತೋರಿಸಿದತ್ತ ಹೋಗಬೇಕು.