ಕೀಳದೆ ಬಿಟ್ಟ ತುಂಬೆ

ರಾಗಿಯ ಹೊಲದಲ್ಲಿ ತುಂಬೆ ಒಂದು ಕಳೆ. ಮಹಾಶಿವರಾತ್ರಿಯಂದು ಅದೇ ತುಂಬೆ ಶಿವನಿಗೆ ಪ್ರಿಯವಾದ ಪುಷ್ಪ. ಒಂದೇ ಗಿಡಕ್ಕೆ ಸಂದಿರುವ ಈ ಎರಡು ಸ್ಥಾನಗಳನ್ನು ಮೈಸೂರಿನ ಹೊರವಲಯದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಅಂಗಳದಲ್ಲಿಯೇ ಕಂಡುಕೊಂಡರು.

ಅವರ ಪತ್ನಿ ಪ್ರತಿ ಶಿವರಾತ್ರಿಗೂ ಮನೆಯ ಹಿಂದಣ ಬೀಳುಭೂಮಿಯಿಂದ ಬೊಗಸೆ ತುಂಬ ತುಂಬೆಹೂವನ್ನು ಬಿಡಿಸಿ ತರುತ್ತಿದ್ದರು. ಒಂದೊಂದೇ ಹೂ ಬಿಡಿಸುವ ಬದಲು ಗಿಡವನ್ನೇ ಕಿತ್ತು ತರಬಾರದೇಕೆಂದು ಕೇಳಿದರೆ ಆಕೆ ನಕ್ಕು ಸುಮ್ಮನಾಗುತ್ತಿದ್ದರು. ಕಾಲಕ್ರಮದಲ್ಲಿ ಆ ಬೀಳು ನಿವೇಶನಗಳಾಗಿ ಹಂಚಿಹೋಯಿತು, ಆಕೆಯೂ ಇಲ್ಲವಾದರು. ಮರುವರ್ಷದ ಶಿವರಾತ್ರಿಗೆ ಮಾರುಕಟ್ಟೆಯಲ್ಲಿ ದೊರೆತದ್ದು ದೊನ್ನೆಯೊಳಗೆ ಬಾಡಿದ ಒಂದು ಹಿಡಿ ಹೂ.

ಹುಟ್ಟೂರಿನ ಹೊಲದ ಬದುವಿನಿಂದ ಅವರು ಒಣಗಿದ ಗಿಡಗಳನ್ನು ತಂದರು. ತುಂಬೆಯ ಹೂಗಳು ಚೌಕವಾದ ಕಾಂಡದ ಗಿಣ್ಣುಗಳ ಸುತ್ತ ಚೆಂಡಿನಂತೆ ಒತ್ತಾಗಿ ಅರಳುತ್ತವೆ. ಒಣಗಿದ ಪುಷ್ಪಪಾತ್ರೆಯ ತಳದಲ್ಲಿ ನಾಲ್ಕು ಸಣ್ಣ ಬೀಜಗಳಿರುತ್ತವೆ. ಮಳೆಗಾಲದ ಆರಂಭದಲ್ಲಿ ಅವನ್ನು ಗೊಬ್ಬರ ತುಂಬಿದ ಪಾತಿಯಲ್ಲಿ ಬಿತ್ತಿ, ಮಳೆ ಬಾರದ ದಿನಗಳಲ್ಲಿ ತಪ್ಪದೆ ನೀರೆರೆದರು. ಸಸಿಗಳು ಬುಡ ಕೊಳೆತು ಬಿದ್ದವು. ಉಳಿದ ಹೊಟ್ಟನ್ನು ಕೊಡವಿದ್ದ ಕಾಂಪೌಂಡಿನ ಜಲ್ಲಿಮಣ್ಣಿನಲ್ಲಿ ಮಾತ್ರ ಗೇಣುದ್ದದ ಗಿಡಗಳು ತಾವಾಗಿಯೇ ಎದ್ದು ನಿಂತವು.

ಸಸ್ಯಶಾಸ್ತ್ರದಲ್ಲಿ ತುಂಬೆಯ ಹೆಸರು 'ಲ್ಯೂಕಾಸ್ ಆಸ್ಪೆರಾ'. ಮೊದಲನೆಯದು ಬಿಳುಪನ್ನು ಸೂಚಿಸುವ ಗ್ರೀಕ್ ಮೂಲದ ಪದ. ಎರಡನೆಯದು ಒರಟು ಎಂಬರ್ಥದ ಲ್ಯಾಟಿನ್ ಪದ. ಪೂಜೆಗೆ ಸಲ್ಲುವ ಬಿಳುಪೂ ಕಳೆಯೆನಿಸುವ ಒರಟುತನವೂ ಆ ಹೆಸರಿನಲ್ಲಿ ಒಟ್ಟಿಗಿವೆ.

ದೀಪಾವಳಿಗೆ ಅಂಗಳ ಶುಚಿಗೊಳಿಸಲು ಬಂದ ಆಳು ಆ ಸಾಲನ್ನೆಲ್ಲ ಕಿತ್ತು ಹಾಕಿದ. ಅವನನ್ನು ದೂರುವಂತಿರಲಿಲ್ಲ, ಶುಚಿ ಎಂದರೆ ಏನೆಂದು ಅವನಿಗೆ ಹೇಳಿಕೊಟ್ಟವರು ಈ ಉಪಾಧ್ಯಾಯರಂಥ ಮನೆಯವರೇ. ಚರಂಡಿಯ ಬಿರುಕಿನಲ್ಲಿದ್ದ ಒಂದು ಗಿಡ ಮಾತ್ರ ಅವನ ಕಣ್ತಪ್ಪಿ ಉಳಿಯಿತು. ಅದಕ್ಕೆ ಅವರು ಗೊಬ್ಬರ ಹಾಕಲಿಲ್ಲ. ಸುತ್ತ ನಾಲ್ಕು ಕಲ್ಲುಗಳನ್ನಿಟ್ಟರು, ಅಷ್ಟೆ.

ಶಿವರಾತ್ರಿಯ ಸಂಜೆ ಅದರಲ್ಲಿ ಏಳು ಹೂಗಳಿದ್ದವು. ಬಿಡಿಸಿದರೆ ಬೀಜ ನಷ್ಟವಾದೀತೆಂದು ಅವರು ಬಹಳ ಹೊತ್ತು ಹಿಂಜರಿದರು. ಕೊನೆಗೆ ಒಂದನ್ನು ಮೆಲ್ಲನೆ ಎಳೆದಾಗ ಬಿಳಿಯ ದಳವಷ್ಟೇ ಬೆರಳಿಗೆ ಬಂದಿತು. ಬೀಜ ಕಟ್ಟುವ ಭಾಗ ಪುಷ್ಪಪಾತ್ರೆಯ ತಳದಲ್ಲಿ ಹಾಗೆಯೇ ಉಳಿಯಿತು. ಪತ್ನಿಯ ನಗೆಯ ಅರ್ಥ ಅವರಿಗೆ ತಿಳಿದದ್ದು ಆಗ. ಆಕೆ ಬೀಳಿನಿಂದ ಹೂವನ್ನಷ್ಟೇ ತರುತ್ತಿದ್ದರು; ಮರುವರ್ಷದ ತುಂಬೆಯನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದರು.