ಹಳೆಯ ಗಾಡಿಗೆ ಹೊಸ ಎತ್ತು

ನಿವೃತ್ತನಾದರೂ ವಿಜ್ಞಾನದ ಮೇಷ್ಟರಿಗೆ ಪ್ರಶ್ನೆಗಳು ತಪ್ಪುವುದಿಲ್ಲ. ಹಿಂದೆ ಅವು ಪಾಠದ ಕೊನೆಯ ಅಭ್ಯಾಸಪುಟದಿಂದ ಬರುತ್ತಿದ್ದವು; ಈಗ ಶಿಷ್ಯರ ಬದುಕಿನಿಂದ ಬರುತ್ತವೆ. ತೋಟದ ಪಂಪ್‌ಸೆಟ್ಟಿಗೆ ಎಷ್ಟು ದಪ್ಪದ ತಂತಿ ಎಳೆಸಬೇಕು, ಯುಪಿಎಸ್ ಮೇಲೆ ಮಿಕ್ಸಿ ಓಡಿಸಬಹುದೇ, ಹೀಗೆ. ಈಚೆಗೆ ಅವುಗಳ ಸಾಲಿಗೆ ಇನ್ನೊಂದು ಸೇರಿದೆ. ಹತ್ತು ಹನ್ನೆರಡು ವರ್ಷದ ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಅದು ತಾಳೀತೇ? ಸಂಬಂಧಿಕರ ಮಕ್ಕಳು ಆಟಕ್ಕಾಗಿ ಕೇಳುತ್ತಾರೆ, ಅನಿಮೇಷನ್ ಓದುವವರು ಓದಿಗಾಗಿ ಕೇಳುತ್ತಾರೆ. ಆದರೆ ನನ್ನನ್ನು ಕಾಗದ ಪೆನ್ಸಿಲು ಹಿಡಿದು ಕೂರುವಂತೆ ಮಾಡಿದವನು ಹೊಟ್ಟೆಪಾಡಿಗಾಗಿ ಕೇಳಿದವನು.

ಅವನು ತಿಪಟೂರಿನ ಕಡೆಯವನು, ನನ್ನ ಕೈಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದವನು. ಹೆಸರು ಬರೆದರೆ ಸಂಕೋಚಪಟ್ಟುಕೊಳ್ಳುತ್ತಾನೆ, ಬೇಡ. ಮದುವೆ, ಗೃಹಪ್ರವೇಶಗಳ ಫೋಟೊ ವಿಡಿಯೊ ತೆಗೆಯುವ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಅವನ ಕಂಪ್ಯೂಟರು 2013ರಲ್ಲಿ ಕೊಂಡದ್ದು: ಇಂಟೆಲ್ ಕೋರ್ ಐ5-3470 ಪ್ರೊಸೆಸರ್, 8 ಜಿಬಿ ಮೆಮೊರಿ, ಒಂದು ಹಾರ್ಡ್ ಡಿಸ್ಕ್. ಕ್ಯಾಮೆರಾ ಮಾತ್ರ ಹೊಸದು, 4ಕೆ ಚಿತ್ರ ತೆಗೆಯುತ್ತದೆ. ಕ್ಯಾಮೆರಾ ತಂದುಕೊಡುವುದನ್ನು ಕಂಪ್ಯೂಟರು ಅರಗಿಸಿಕೊಳ್ಳಲಾರದೆ ಮುಗ್ಗರಿಸುತ್ತಿತ್ತು. ಮದುವೆಯ ವಿಡಿಯೊ ಕೊಡುವುದು ಎರಡು ತಿಂಗಳು ತಡವಾದಾಗ ಒಬ್ಬ ಬೀಗರು ಅಂಗಡಿಯ ಮುಂದೆಯೇ ಕೂಗಾಡಿ ಹೋದರಂತೆ. ಪಕ್ಕದ ಬೀದಿಯಲ್ಲಿ ಹೊಸ ಸ್ಟುಡಿಯೊ ಬಂದು ವಾರದಲ್ಲಿ ಕೆಲಸ ಮುಗಿಸಿ ಕೊಡುತ್ತಿತ್ತು. 2025ರ ಆಷಾಢ, ಮದುವೆಗಳಿಲ್ಲದ ತಿಂಗಳು. ಕೈಯಲ್ಲಿ 35,000 ರೂಪಾಯಿ, ಅದರಲ್ಲಿ ಅರ್ಧ ಸಂಘದ ಸಾಲ. "ಸಾರ್, ದುಡ್ಡೆಲ್ಲಾ ಕಾರ್ಡಿಗೇ ಹಾಕ್ಬಿಡು ಅಂತಾರೆ ಅಂಗಡಿಯವರು. ಹಳೇ ಮಿಷಿನ್ ತಡಕೊಳ್ಳುತ್ತಾ?" ಎಂದು ಕೇಳಿದ.

ತಡೆದುಕೊಳ್ಳುತ್ತದೆಯೇ ಎಂಬುದು ಒಂದು ಪ್ರಶ್ನೆಯಲ್ಲ, ಮೂರು ಪ್ರಶ್ನೆ. ಕಾರ್ಡು ಕೂರುತ್ತದೆಯೇ? ಅದಕ್ಕೆ ಅನ್ನ ಸಿಗುತ್ತದೆಯೇ? ಅದರ ಜೊತೆಗಾರ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತಾನೆಯೇ?

ಮೊದಲನೆಯದು ಸುಲಭ. ಗ್ರಾಫಿಕ್ಸ್ ಕಾರ್ಡ್ ಎಂದರೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುವ ಒಂದು ಹಲಗೆ. ಮದರ್‌ಬೋರ್ಡಿನ ಒಂದು ಉದ್ದನೆಯ ಸ್ಲಾಟಿನಲ್ಲಿ ಅದು ಕೂರುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಆ ಸ್ಲಾಟಿಗೆ ಎಜಿಪಿ ಎಂಬ ಹೆಸರಿತ್ತು. 2004ರ ಸುಮಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಬಂದು ಎಜಿಪಿಯನ್ನು ಮೂಲೆಗೆ ತಳ್ಳಿತು. ಇವೆರಡರ ಆಕಾರವೇ ಬೇರೆ. ಎಜಿಪಿ ಕಾಲದ ಯಂತ್ರಕ್ಕೆ ಇಂದಿನ ಕಾರ್ಡು ಕೂರುವುದೇ ಇಲ್ಲ. ಆದರೆ ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಅದನ್ನು ರೂಪಿಸಿದವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಮೂರನೆಯ ಆವೃತ್ತಿ 2010ರಲ್ಲಿ, ನಾಲ್ಕನೆಯದು 2017ರಲ್ಲಿ, ಐದನೆಯದು 2019ರಲ್ಲಿ ಬಂದರೂ ಸ್ಲಾಟಿನ ಆಕಾರವನ್ನು ಬದಲಿಸಲಿಲ್ಲ. ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿ ಕೂತರೆ ಇಬ್ಬರೂ ತಮಗೆ ಸಮಾನವಾಗಿ ತಿಳಿದಿರುವ ಹಳೆಯ ವೇಗದಲ್ಲಿ ಮಾತನಾಡಿಕೊಳ್ಳುತ್ತಾರೆ. ಪಟ್ಟಣದಲ್ಲಿ ಓದಿದ ಮೊಮ್ಮಗ ಅಜ್ಜಿಯ ಮುಂದೆ ಕೂತಾಗ ನಿಧಾನವಾಗಿ, ಹಳ್ಳಿಯ ಮಾತಿನಲ್ಲಿ ಮಾತಾಡುವ ಹಾಗೆ.

ಇಲ್ಲೊಂದು ಸೂಕ್ಷ್ಮವಿದೆ. ಸ್ಲಾಟಿನಲ್ಲಿ ಹದಿನಾರು ದಾರಿಗಳಿರುತ್ತವೆ, ಆದರೆ ಎಲ್ಲ ಕಾರ್ಡುಗಳೂ ಹದಿನಾರನ್ನೂ ಬಳಸುವುದಿಲ್ಲ. 2022ರ ಜನವರಿಯಲ್ಲಿ ಎಎಂಡಿ ಕಂಪನಿ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡನ್ನು ಬಿಟ್ಟಿತು. ಅದು ನಾಲ್ಕೇ ದಾರಿ ಬಳಸುತ್ತದೆ. ನಾಲ್ಕನೆಯ ಆವೃತ್ತಿಯ ಬೋರ್ಡಿನಲ್ಲಿ ದಾರಿಗಳು ಅಗಲವಾದ್ದರಿಂದ ಹೇಗೋ ನಡೆಯುತ್ತದೆ. ಮೂರನೆಯದರಲ್ಲಿ ಆ ನಾಲ್ಕು ದಾರಿಗಳ ಅಗಲವೂ ಅರ್ಧಕ್ಕೆ ಇಳಿಯುತ್ತದೆ. ಅಗ್ಗದ ಕಾರ್ಡನ್ನು ಹುಡುಕುವವರು ಹಳೆಯ ಯಂತ್ರದವರೇ. ಆ ಕಾರ್ಡು ಸೊರಗುವುದೂ ಹಳೆಯ ಯಂತ್ರದಲ್ಲೇ. ಸಾಲದ್ದಕ್ಕೆ ಅದರಲ್ಲಿ ವಿಡಿಯೊವನ್ನು ಸಂಕುಚಿಸಿ ಬರೆಯುವ ಭಾಗವೇ ಇಲ್ಲ. ನನ್ನ ಶಿಷ್ಯನಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಅದೇ.

ಎರಡನೆಯ ಪ್ರಶ್ನೆ ಅನ್ನದ್ದು. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಎಸ್‌ಎಂಪಿಎಸ್ ಎಂಬ ಆ ತಗಡಿನ ಡಬ್ಬಿ ಕ್ಯಾಬಿನೆಟ್ಟಿನ ಜೊತೆಗೆ ಬಂದದ್ದು, ಅದಕ್ಕೆ ಪ್ರತ್ಯೇಕ ಬೆಲೆ ಕೊಟ್ಟ ನೆನಪೇ ಯಾರಿಗೂ ಇರುವುದಿಲ್ಲ. ಸ್ಲಾಟು ತನ್ನಿಂದ ತಾನೇ 75 ವ್ಯಾಟ್‌ವರೆಗೆ ವಿದ್ಯುತ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಉಣ್ಣುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ತಂತಿ ಎಳೆಯಬೇಕು. ಆರು ಪಿನ್ನಿನ ತಂತಿ ಇನ್ನೊಂದು 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್ ಕೊಡುತ್ತದೆ.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೊ ಕಳಿಸು ಎಂದೆ. ಕಳಿಸಿದ. ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ 14 ಆಂಪಿಯರ್ ಎಂದಿತ್ತು. ನನ್ನ ತರಗತಿಯಲ್ಲಿ ಕೂತವರೆಲ್ಲರಿಗೂ ಈ ಲೆಕ್ಕ ನೆನಪಿರಬೇಕು: ಸಾಮರ್ಥ್ಯವೆಂದರೆ ವೋಲ್ಟೇಜು ಗುಣಿಸು ವಿದ್ಯುತ್ ಪ್ರವಾಹ. 12 ಗುಣಿಸು 14, ಅಂದರೆ 168 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಪಾಲು ಈ ಸಾಲಿನಿಂದಲೇ ಉಣ್ಣುವುದು. ಪ್ರೊಸೆಸರಿಗೆ 77 ವ್ಯಾಟ್. ಅಂಗಡಿಯವರು ತೋರಿಸಿದ್ದು 2023ರಲ್ಲಿ ಬಂದ ಆರ್‌ಟಿಎಕ್ಸ್ 4060, ಅದಕ್ಕೆ 115. ಡಿಸ್ಕು ಫ್ಯಾನುಗಳನ್ನು ಬಿಟ್ಟರೂ ಕೂಡಿದರೆ 192. ಹೊರಗೆ 450ರ ಹೆಸರು, ಒಳಗೆ 168ರ ಶಕ್ತಿ.

ನಮ್ಮೂರುಗಳಲ್ಲಿ ಇದು ಎಲ್ಲರೂ ಕಂಡ ಸಂಗತಿಯೇ. 25 ಕೆವಿಎ ಟಿಸಿಯ ಮೇಲೆ ಆಗಲೇ ತುಂಬಾ ಪಂಪ್‌ಸೆಟ್ಟುಗಳಿರುವಾಗ ಒಬ್ಬ ಹೊಸದಾಗಿ ಹತ್ತು ಅಶ್ವಶಕ್ತಿಯ ಮೋಟಾರು ಇಳಿಸುತ್ತಾನೆ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ನೀರು ಹಾಯಿಸುವ ದಿನ ಟಿಸಿ ಸುಡುತ್ತದೆ. ಬೈಗುಳ ಮಾತ್ರ ಹೊಸ ಮೋಟಾರಿಗೆ. ಹಾಗೆಯೇ ಕಂಪ್ಯೂಟರು ಕೆಲಸದ ನಡುವೆ ತಟಕ್ಕನೆ ಆರಿಹೋದರೆ ಎಲ್ಲರೂ ಕಾರ್ಡು ಕೆಟ್ಟಿದೆ ಎನ್ನುತ್ತಾರೆ, ವಾಪಸು ಕೊಡಲು ಓಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಮೂರನೆಯ ಪ್ರಶ್ನೆ ಜೊತೆಗಾರನದು. ಗಾಡಿಗೆ ಒಂದು ಕಡೆ ಮುದಿ ಎತ್ತು, ಇನ್ನೊಂದು ಕಡೆ ಹಲ್ಲು ಹುಟ್ಟಿದ ಹೋರಿ ಕಟ್ಟಿದರೆ ಗಾಡಿ ಓಡುವುದು ಮುದಿ ಎತ್ತಿನ ವೇಗದಲ್ಲೇ. ಪ್ರೊಸೆಸರು ಕೆಲಸ ಹಂಚಿ ಕೊಡಬೇಕು, ಕಾರ್ಡು ಮಾಡಬೇಕು. ಹಂಚುವವನು ನಿಧಾನಿಯಾದರೆ ಮಾಡುವವನು ಕೈಕಟ್ಟಿ ಕಾಯುತ್ತಾನೆ. ಆದ್ದರಿಂದ ಹಳೆಯ ಯಂತ್ರಕ್ಕೆ ಹೆಚ್ಚು ಬೆಲೆಯ ಕಾರ್ಡು ಹಾಕಿದಷ್ಟೂ ಆ ಹೆಚ್ಚಿನ ಬೆಲೆ ಮಲಗಿಯೇ ಇರುತ್ತದೆ.

ಆದರೆ ಎಲ್ಲ ಕೆಲಸವೂ ಒಂದೇ ತರಹದ್ದಲ್ಲ. ನನ್ನ ಶಿಷ್ಯನ ಕ್ಯಾಮೆರಾ ಚಿತ್ರಗಳನ್ನು ಎಚ್‌ಇವಿಸಿ ಎಂಬ ಕ್ರಮದಲ್ಲಿ ಸಂಕುಚಿಸಿ ಬರೆಯುತ್ತದೆ. ಆ ಕ್ರಮ ಅಧಿಕೃತವಾದದ್ದು 2013ರಲ್ಲಿ. ಅವನ ಪ್ರೊಸೆಸರು ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ತಾನು ಹುಟ್ಟಿದ ಮೇಲೆ ಬಂದ ಭಾಷೆಯನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ, ಪಾಪ! ಅದು ಒಂದೊಂದು ಚೌಕಟ್ಟನ್ನೂ ನಿಘಂಟು ತೆರೆದು ಓದಿದ ಹಾಗೆ ಬಿಡಿಸಿಕೊಳ್ಳಬೇಕಿತ್ತು. ಈಚಿನ ಕಾರ್ಡುಗಳಲ್ಲಿ ಈ ಭಾಷೆಯನ್ನು ಓದುವುದಕ್ಕೂ ಬರೆಯುವುದಕ್ಕೂ ಪ್ರತ್ಯೇಕ ಅಂಗಗಳೇ ಇವೆ. ಆಟವಾಡುವ ಹುಡುಗನಿಗೆ ಹಳೆಯ ಪ್ರೊಸೆಸರು ಅಡ್ಡಿಯಾಗುವಷ್ಟು ಇವನಿಗೆ ಆಗುವುದಿಲ್ಲ, ಏಕೆಂದರೆ ಇವನ ವಿಷಯದಲ್ಲಿ ಕಾರ್ಡು ಪ್ರೊಸೆಸರಿನ ಹೊರೆಯನ್ನೇ ಇಳಿಸಿಕೊಳ್ಳುತ್ತದೆ. ಕೆಲಸ ಯಾವುದೆಂದು ಕೇಳದೆ ಕಾರ್ಡು ಹೇಳುವವರ ಮಾತು ಅದಕ್ಕೇ ನಂಬತಕ್ಕದ್ದಲ್ಲ.

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಇನ್ನೊಬ್ಬ ಶಿಷ್ಯನನ್ನೂ ವಿಚಾರಿಸಿದೆ. ಅವನ ಉತ್ತರ ಖಡಾಖಂಡಿತ: "ಅದನ್ನ ಗುಜರಿಗೆ ಹಾಕಿ ಸಾರ್. ವಿಂಡೋಸ್ 11 ಅದರ ಮೇಲೆ ಕೂರಲ್ಲ." ಮಾತು ಸುಳ್ಳಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರನ್ನಾದರೂ ಬಯಸುತ್ತದೆ. ಇವನದು ಮೂರನೆಯ ತಲೆಮಾರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ತಿಳಿದಿತ್ತು, ಹಾಗೆಯೇ ಮುಗಿಯಿತು. ಸಂಕಲನದ ಕೆಲವು ಹೊಸ ತಂತ್ರಾಂಶಗಳು ಎವಿಎಕ್ಸ್2 ಎಂಬ ಆದೇಶಗಳನ್ನು ಬೇಡುತ್ತವೆ; ಇಂಟೆಲ್ ಅದನ್ನು ತಂದದ್ದು 2013ರ ನಾಲ್ಕನೆಯ ತಲೆಮಾರಿನಲ್ಲಿ. ಆದರೆ ಗುಜರಿಗೆ ಹಾಕು ಎನ್ನುವವರು ಹೊಸದಕ್ಕೆ ಬೇಕಾದ ಎಪ್ಪತ್ತು ಎಂಬತ್ತು ಸಾವಿರ ಎಲ್ಲಿಂದ ಬರಬೇಕೆಂದು ಹೇಳುವುದಿಲ್ಲ. ಶ್ರಾವಣದ ಮುಹೂರ್ತಗಳು ಅದು ಒದಗುವವರೆಗೆ ಕಾಯುವುದೂ ಇಲ್ಲ.

ಇಬ್ಬರ ಮಾತನ್ನೂ ತೂಗಿ ನೋಡಿದಾಗ ನನಗೆ ಹೊಳೆದದ್ದು ಇದು. ಹಳೆಯ ಯಂತ್ರ ಹೊಸ ಕಾರ್ಡನ್ನು ತಾಳುತ್ತದೆಯೇ ಎಂಬುದಕ್ಕಿಂತ, ಹಳೆಯ ಯಂತ್ರ ಕಣ್ಣು ಮುಚ್ಚಿದ ಮೇಲೆ ಈಗ ಕೊಟ್ಟ ದುಡ್ಡು ಎಲ್ಲಿ ಉಳಿಯುತ್ತದೆ ಎಂಬುದೇ ಮುಖ್ಯ. ಒಳ್ಳೆಯ ಎಸ್‌ಎಂಪಿಎಸ್ ಮುಂದಿನ ಕಂಪ್ಯೂಟರಿಗೂ ಬರುತ್ತದೆ. ಕಾರ್ಡು ಬರುತ್ತದೆ. ಎಸ್‌ಎಸ್‌ಡಿ ಡಿಸ್ಕು ಬರುತ್ತದೆ. ಆದರೆ ಹಳೆಯ ಡಿಡಿಆರ್3 ಮೆಮೊರಿ ಹೊಸ ಬೋರ್ಡಿನಲ್ಲಿ ಕೂರುವುದಿಲ್ಲ, ಅದೇ ಬೋರ್ಡಿಗೆ ಇನ್ನೂ ಚುರುಕಾದ ಹಳೆಯ ಪ್ರೊಸೆಸರು ಹುಡುಕಿ ಹಾಕಿದರೆ ಅದೂ ಅಲ್ಲೇ ಮಣ್ಣಾಗುತ್ತದೆ. ಬಾಡಿಗೆ ಮನೆಗೆ ಮಂಚ ಬೀರು ಕೊಳ್ಳಬಹುದು, ನೆಲಕ್ಕೆ ಗ್ರಾನೈಟು ಹಾಕಿಸಬಾರದು.

ಹೀಗೆ ಲೆಕ್ಕ ಹಾಕಿ ನಾವಿಬ್ಬರೂ ಆರಿಸಿದ್ದು 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 70 ವ್ಯಾಟ್ ಸಾಕು, ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುತ್ತದೆ, ಎಂಟು ದಾರಿ ಬಳಸುತ್ತದೆ, ಎಚ್‌ಇವಿಸಿ ಓದಿ ಬರೆಯುತ್ತದೆ. 77ಕ್ಕೆ 70 ಕೂಡಿದರೆ 147. ಡಿಸ್ಕು ಫ್ಯಾನುಗಳು ಸೇರಿದರೆ ಆ ಹಳೆಯ ಎಸ್‌ಎಂಪಿಎಸ್‌ನ 168ರ ಅಂಚಿಗೇ ಬಂದು ನಿಲ್ಲುತ್ತದೆ. ಲೆಕ್ಕದಲ್ಲಿ ಸರಿ, ಬಾಳಿಕೆಯಲ್ಲಿ ಅಲ್ಲ. ಆದ್ದರಿಂದ ಮೊದಲು 550 ವ್ಯಾಟಿನ ಎಸ್‌ಎಂಪಿಎಸ್ ಕೊಳ್ಳಿಸಿದೆ. ಅದರ ಚೀಟಿಯಲ್ಲಿ 12 ವೋಲ್ಟಿನ ಸಾಲಿಗೆ 43 ಆಂಪಿಯರ್ ಇತ್ತು, ಅಂದರೆ 516 ವ್ಯಾಟ್; ಹೆಸರಿಗೂ ಶಕ್ತಿಗೂ ಹೆಚ್ಚು ಅಂತರವಿಲ್ಲ. ಆಮೇಲೆ ಒಂದು ಎಸ್‌ಎಸ್‌ಡಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ತಾನೇ ಹೋಗಿ ಮೂರನ್ನೂ ತಂದ. ಎಲ್ಲ ಸೇರಿ ಸುಮಾರು 26,000 ರೂಪಾಯಿ. ಹೋಗುವ ಮೊದಲು ಮಗಳ ಸ್ಕೇಲಿನಿಂದ ಕ್ಯಾಬಿನೆಟ್ಟಿನ ಒಳಗಿನ ಉದ್ದ ಅಳೆದುಕೊಂಡಿದ್ದ. ಮದರ್‌ಬೋರ್ಡಿನ ಬಯೋಸನ್ನು ತಯಾರಕರು ಕೊಟ್ಟ ಕಡೆಯ ಆವೃತ್ತಿಗೆ ಏರಿಸಿಕೊಂಡಿದ್ದ. ಆ ಕಾಲದ ಕೆಲವು ಬೋರ್ಡುಗಳಲ್ಲಿ ಇದನ್ನು ಮಾಡದಿದ್ದರೆ ಹೊಸ ಕಾರ್ಡು ಕೂತರೂ ಪರದೆ ಕಪ್ಪಾಗಿಯೇ ಉಳಿಯಬಹುದು.

ಫಲ ಏನೆಂದು ಕೇಳುವಿರಿ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಎದ್ದು ನೋಡಬೇಕಿದ್ದ ಮದುವೆಯ ವಿಡಿಯೊ ಈಗ ಸಂಜೆ ಹಚ್ಚಿದರೆ ಊಟದ ಹೊತ್ತಿಗೆ ಸಿದ್ಧವಾಗುತ್ತದಂತೆ. ಆದರೆ ಮೂರು ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಹರಡಿಕೊಂಡರೆ ಈಗಲೂ ತಡವರಿಸುತ್ತದೆ. ನಾಲ್ಕು ಕೋರಿನ ಮುದಿ ಎತ್ತು ಅಲ್ಲಿ ಏದುಸಿರು ಬಿಡುತ್ತದೆ. ಅದಕ್ಕೆ ಕಾರ್ಡಿನಲ್ಲಿ ಮದ್ದಿಲ್ಲ. ವಿಂಡೋಸಿನ ಬೆಂಬಲ ಮುಗಿದ ಮೇಲೆ ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ದೂರವಿಟ್ಟು, ಬ್ಯಾಂಕು ಬಿಲ್ಲುಗಳ ವ್ಯವಹಾರವನ್ನು ಫೋನಿಗೆ ವರ್ಗಾಯಿಸಿದ್ದಾನೆ. ಉಳಿದ 9,000ಕ್ಕೆ ತಿಂಗಳಿಗೆ ಇಷ್ಟೆಂದು ಸೇರಿಸುತ್ತಿದ್ದಾನೆ. ಬೋರ್ಡು, ಪ್ರೊಸೆಸರು, ಮೆಮೊರಿ ಇಷ್ಟು ಕೊಂಡರೆ ಅವನ ಹೊಸ ಯಂತ್ರ ಪೂರ್ಣವಾಗುತ್ತದೆ.

ನಿಮ್ಮಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡವರು ಅಂಗಡಿಗೆ ಹೊರಡುವ ಮುನ್ನ ಒಮ್ಮೆ ಕ್ಯಾಬಿನೆಟ್ಟಿನ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಆ ಚೀಟಿಯ ಸಣ್ಣಕ್ಷರವನ್ನು ಓದಿಕೊಳ್ಳಿ. ಹನ್ನೆರಡರಿಂದ ಗುಣಿಸಲು ಮೇಷ್ಟರು ಬೇಕಾಗಿಲ್ಲ. ಗುಣಿಸಿದ ಮೇಲೂ ಸಂಶಯ ಉಳಿದರೆ ಫೋಟೊ ಕಳಿಸಿ. ಕನ್ನಡಕ ಒರೆಸಿಕೊಂಡು ನೋಡುತ್ತೇನೆ.