ಮೊದಲ ಎಲೆ ಯಾರಿಗೆ?

ಗೃಹಸ್ಥನ ಮನೆಯ ಊಟದ ಕ್ರಮವನ್ನು ಹೇಳುತ್ತ ಯಾಜ್ಞವಲ್ಕ್ಯಸ್ಮೃತಿಯು ಬಾಲರು, ವೃದ್ಧರು, ಗರ್ಭಿಣಿಯರು, ರೋಗಿಗಳು ಮೊದಲಾದವರಿಗೂ ಅತಿಥಿಭೃತ್ಯರಿಗೂ ಉಣಬಡಿಸಿದ ತರುವಾಯ ಉಳಿದುದನ್ನು ದಂಪತಿಗಳು ಉಣ್ಣತಕ್ಕದ್ದೆಂದು ವಿಧಿಸಿದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಆದುದರಿಂದ ಈ ವಿಧಿ ಕನ್ನಡ ನಾಡಿಗೆ ಹೊಸದಲ್ಲ. ಹುಟ್ಟುಹಬ್ಬ, ಪರೀಕ್ಷೆಯ ಜಯ ಮುಂತಾದ ಶುಭದಿನಗಳ ಎಲೆಯು ಈಚೆಗೆ ನಡುಮನೆಯನ್ನು ಬಿಟ್ಟು ಪಟ್ಟಣದ ಹೋಟೆಲಿಗೆ ಹೋಗಿದೆ. ಎಲೆಯ ಸಂಗಡ ಆ ಕ್ರಮವೂ ಹೋಗಿದೆಯೇ ಎಂಬುದು ವಿಚಾರಾರ್ಹ.

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ರಾಜರಾಜೇಶ್ವರಿನಗರದವರಿಗೆ ಹಿಂದೆ ಪೇಟೆಯ ಊಟವೆಂದರೆ ಅರ್ಧ ದಿನದ ಪ್ರಯಾಣ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಬಂದ ಮೇಲೆ, ಮಹಾತ್ಮಗಾಂಧಿ ರಸ್ತೆಯನ್ನೂ ಇಂದಿರಾನಗರವನ್ನೂ ಗಾಡಿ ಬದಲಿಸದೆ ಸೇರಬಹುದು. ದಾರಿ ಸುಗಮವಾಯಿತು; ಮಕ್ಕಳ ಹಸಿವು ಮಾತ್ರ ಮೊದಲಿನಷ್ಟೇ ಬೇಗ ಬರುವುದು.

ಈ ಬಡಾವಣೆಯ ಒಂದು ಸಂಸಾರದಲ್ಲಿ ಮಗಳ ಆರನೆಯ ಹುಟ್ಟುಹಬ್ಬಕ್ಕೆಂದು ತಂದೆಯು ಸ್ನೇಹಿತರು ಹೊಗಳಿದ ದೊಡ್ಡ ಹೋಟೆಲೊಂದನ್ನು ಆರಿಸಿದನು. ಅಲ್ಲಿ ಬೆಳಕು ಮಂದ, ವಾದ್ಯ ಜೋರು. ಊಟ ಬರುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿತ್ತು. ಎಬ್ಬಿಸಿದರೆ ಅತ್ತಿತು, ತಂದೆ ಗದರಿದನು. ಈರುಳ್ಳಿ ಬೆಳ್ಳುಳ್ಳಿಗಳನ್ನು ಮುಟ್ಟದ ಅಜ್ಜಿ ನೀರು ಕುಡಿದು ಸುಮ್ಮನೆ ಕುಳಿತಿದ್ದರು. ಮನೆಗೆ ಬಂದು ಅವರೇ ಅನ್ನವಿಟ್ಟು ಮೊಸರು ಕಲಸಿ ಮಗುವಿಗೆ ತುತ್ತು ಕೊಟ್ಟರು. ಮರುವರ್ಷ ಅದೇ ದಿನ ಸಮೀಪಿಸಲು, "ನೀವೆಲ್ಲ ಹೋಗಿಬನ್ನಿ, ನಾನು ಮನೆಯಲ್ಲಿರುತ್ತೇನೆ" ಎಂದರು. "ಅಜ್ಜಿ ಬರದಿದ್ದರೆ ನಾನೂ ಬರುವುದಿಲ್ಲ" ಎಂದಿತು ಮಗು. ಎಪ್ಪತ್ತೆಂಟು ವರ್ಷದ ಅಜ್ಜಿಯೊಡನೆ ಕುಳಿತು ಉಣ್ಣುವ ಹುಟ್ಟುಹಬ್ಬಗಳು ಇನ್ನೆಷ್ಟು ಉಳಿದಿವೆಯೆಂಬ ಯೋಚನೆ ಆಗ ಮಗನಿಗೆ ಮೊದಲ ಬಾರಿಗೆ ಬಂದಿತು.

ಪ್ರಸಿದ್ಧಿಯು ದೋಷವೆಂದು ಇದರ ಅರ್ಥವಲ್ಲ. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಸಂಸ್ಥೆಯೇ ಇಂದಿನ ಮಾವಳ್ಳಿ ಟಿಫಿನ್ ರೂಮ್ಸ್. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿದವರು ತಾವೆಂದು ಆ ಮನೆಯವರು ಹೇಳುವರು. ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1943ರಲ್ಲಿ ಹುಟ್ಟಿದ್ದು; ಅದರ ಹೆಸರೇ ಅಲ್ಲಿ ಮೊದಲು ಉಂಡವರಾರೆಂಬುದನ್ನು ಸಾರುತ್ತದೆ. ದೋಸೆಯ ತಟ್ಟೆಗಳನ್ನು ತೋಳಿನುದ್ದಕ್ಕೂ ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಯನ್ನು ನೋಡುವುದೇ ಮಕ್ಕಳಿಗೆ ಒಂದು ಉತ್ಸವ. ಆದರೆ ಭಾನುವಾರದ ಬೆಳಗ್ಗೆ ಬಾಗಿಲಲ್ಲಿ ಸರದಿ ಕಾಯುವುದು ಹಿರಿಯರಿಗೆ ವಿನೋದವಾದರೂ ಮಗುವಿಗೆ ಉಪವಾಸವೇ. ಇಂತಹ ಸ್ಥಳಗಳಿಗೆ ಕೆಲಸದ ದಿನ, ಜನ ಸೇರುವ ಮುನ್ನ ಹೋಗುವುದು ಲೇಸು.

ಹಾಗಾದರೆ ಆರಿಸುವ ಬಗೆ ಹೇಗೆ? ಹಿಂದಿನ ದಿನವೇ ಒಬ್ಬರು ಹೋಗಿ ನೋಡಿ ಬರುವುದು ಉತ್ತಮ. ಕುಳಿತ ಮೇಲೆ ಊಟ ಬರಲು ಎಷ್ಟು ಹೊತ್ತಾಗುವುದು, ಖಾರವಿಲ್ಲದ ಪದಾರ್ಥವೇನುಂಟು, ಮುದುಕರು ಹತ್ತಬೇಕಾದ ಮೆಟ್ಟಿಲುಗಳೆಷ್ಟು, ಕೈ ತೊಳೆಯುವ ತೊಟ್ಟಿ ಮಗುವಿಗೆ ಎಟಕುವುದೇ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದೇ ಎಂಬಿವನ್ನು ವಿಚಾರಿಸಬೇಕು. ನಿಂತು ತಿನ್ನುವ ದರ್ಶಿನಿಯು ಅವಸರದವರಿಗೆ ಉಪಕಾರಿಯಾದರೂ ಹಬ್ಬದ ದಿನಕ್ಕೆ ಸಾಲದು; ಹಬ್ಬವೆಂದರೆ ಕೂಡಿ ಕುಳಿತುಕೊಳ್ಳುವುದು. ಹೊತ್ತು ಮಧ್ಯಾಹ್ನದ್ದಾದರೆ ನಿದ್ದೆಯ ಕಾಟವಿಲ್ಲ.

ಆ ಸಂಸಾರವು ಏಳನೆಯ ವರ್ಷಕ್ಕೆ ಆರಿಸಿದ್ದು ಮನೆಯಿಂದ ನಡೆದು ಹೋಗಬಹುದಾದ, ಪೇಟೆಯಲ್ಲಿ ಯಾರೂ ಹೆಸರು ಕೇಳದ ಹೋಟೆಲು. ಬೆಳಗ್ಗೆ ರಾಜರಾಜೇಶ್ವರಿಯ ದರ್ಶನ ಮಾಡಿ ಹನ್ನೆರಡಕ್ಕೆ ಹೋಗಿ ಕುಳಿತರು. ಈರುಳ್ಳಿಯಿಲ್ಲದ ಸಾರಿಗೆ ಮಗನು ಹಿಂದಿನ ದಿನವೇ ಹೇಳಿ ಬಂದಿದ್ದನು. ಅಜ್ಜಿ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಸ್ನೇಹಿತರ ಮುಂದೆ ಹೇಳಿಕೊಳ್ಳಲು ಇದರಲ್ಲಿ ಏನೂ ಇಲ್ಲ. ತಂದೆತಾಯಿಗಳಿಗೆ ಇಷ್ಟವಾದ ತಿಂಡಿ ಅಲ್ಲಿ ದೊರೆಯದೆಯೂ ಇರಬಹುದು. ಆದರೆ ದಂಪತಿಗಳ ಪಾಲು ಶೇಷವೆಂದು ಸ್ಮೃತಿಕಾರನು ಹೇಳಿದಾಗ ಅದನ್ನು ನಷ್ಟವೆಂದು ಎಣಿಸಿರಲಾರನು. ಎಳೆಯರೂ ಹಿರಿಯರೂ ತೃಪ್ತರಾಗಿ ಕೈ ತೊಳೆಯಲು ಎದ್ದ ಮೇಲೆ ಎಲೆಯ ಮುಂದೆ ನಿರಾತಂಕವಾಗಿ ಕುಳಿತು ಉಣ್ಣುವ ಸುಖವನ್ನು ಗೃಹಸ್ಥರೆಲ್ಲರೂ ಬಲ್ಲರು.